ತಟ್ಟಿ ನೋಡುತ್ತಿದ್ದ ಅಮ್ಮ

ಕೆಳಗಿನ ಮನೆಯಲ್ಲಿದ್ದ ಉಡುಪಿಯ ಅಮ್ಮ ಒಂದು ದಿನವೂ ನಮ್ಮ ಕರೆಗಂಟೆ ಒತ್ತಿದವರಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ ಬೆರಳ ಗೆಣ್ಣಿನಿಂದ ಬಾಗಿಲಿಗೆ ಎರಡು ಸಲ ತಟ್ಟಿ, "ಇದ್ದೀಯಾ ಮಾರಾಯ್ತಿ?" ಎನ್ನುತ್ತಿದ್ದರು. ನನ್ನ ಗಂಡ ತೀರಿಕೊಂಡ ಮೇಲೆ ನೆದರ್ಲೆಂಡ್ಸಿನ ಬಾಡ್‌ಹೂವೆಡಾರ್ಪ್‌ನ ಆ ಮನೆಯಲ್ಲಿ ನನ್ನನ್ನು ದಿನಾ ಕರೆಯುತ್ತಿದ್ದ ದನಿ ಅದೊಂದೇ. "ಇದ್ದೇನೆ" ಎಂದರೆ, "ಸ್ವರ ಇನ್ನೂ ಸರಿ ಆಗಲಿಲ್ಲ" ಎಂದು ತಲೆಯಾಡಿಸುತ್ತಿದ್ದರು.

ಒಮ್ಮೆ ನನ್ನನ್ನು ಮ್ಯೂಸಿಯಂಗೆ ಎಳೆದುಕೊಂಡು ಹೋದರು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಪೆರು ದೇಶದ ಮಣ್ಣಿನ ಹೂಜಿಗಳಿದ್ದವು. ಸಾವಿರ ವರ್ಷಕ್ಕೂ ಹಳೆಯವು, ಒಂದೊಂದಕ್ಕೂ ಒಬ್ಬೊಬ್ಬ ಮನುಷ್ಯನ ಮುಖ. ಉಬ್ಬುಗೆನ್ನೆಯ ಒಬ್ಬನನ್ನು ಅಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ಗಾಜಿಗೆ ಟಕ್ ಟಕ್ ಎಂದು ತಟ್ಟಿಯೇಬಿಟ್ಟರು. ಕಾವಲುಗಾರ "ಮೆವ್ರೌ, ಮೆವ್ರೌ!" ಎಂದು ಡಚ್ಚಿನಲ್ಲಿ ಅಮ್ಮನನ್ನು ಕೂಗುತ್ತ ಓಡಿಬಂದ.

"ಬಿರುಕು ಉಂಟಾ ಅಂತ ನೋಡಿದ್ದು ಮಾರಾಯ. ತಟ್ಟದೆ ಯಾರಾದರೂ ಮಡಕೆ ತಗೊಳ್ತಾರಾ?" ಎಂದು ಕನ್ನಡದಲ್ಲೇ ಅವನನ್ನು ಗದರಿದರು.

ಗಂಡ ಹೋಗಿ ಎಂಟು ತಿಂಗಳಾದ ಮೇಲೆ ಅಂದೇ ಮೊದಲ ಸಲ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಮ್ಮ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಹಾಂ, ಇದು ಸ್ವರ! ನೀನು ಒಡೀಲಿಲ್ಲ."

ಹೋದ ತಿಂಗಳು ಅಮ್ಮ ತೀರಿಕೊಂಡರು. ಅವರ ಜೊತೆಗಿದ್ದ ಮಗಳು ಅಂದಿನಿಂದ ಬಾಗಿಲು ಹಾಕಿಕೊಂಡು ಒಳಗೇ ಇದ್ದಳು. ಇವತ್ತು ಬೆಳಿಗ್ಗೆ ಮೆಟ್ಟಿಲಿಳಿದು ಹೋದೆ. ಕರೆಗಂಟೆಯ ಕಡೆ ಹೋದ ಕೈಯನ್ನು ಹಿಂದೆಗೆದು, ಬೆರಳ ಗೆಣ್ಣಿನಿಂದ ಎರಡು ಸಲ ಜೋರಾಗಿ ತಟ್ಟಿದೆ.

"ಇದ್ದೀಯಾ ಮಾರಾಯ್ತಿ?"

ಒಳಗಿನಿಂದ, ಅತ್ತು ಒಡೆದ ದನಿಯಲ್ಲಿ ನಗು ಕೇಳಿಸಿತು.

"ಇದ್ದೇನೆ ಅಕ್ಕ. ಬಾಗಿಲು ಒಡೀಬೇಡಿ!"