ಗಿಲೀಟೆಂದೇ ಬರೆಯಿರಿ

ಕ್ಯಾಲಿಫೋರ್ನಿಯಾದ ಹೇವರ್ಡಿನ ಗೋದಾಮುಗಳ ಸಾಲಿನಲ್ಲಿ ಒಬ್ಬ ಫ್ರೆಂಚ್ ಮಹಿಳೆಯ ವರ್ಕ್‌ಶಾಪ್ ಇದೆ. ಪ್ಯಾರಿಸ್ಸಿನ ದೊಡ್ಡ ಫ್ಯಾಷನ್ ಕಂಪನಿಗಳಿಗೆ ಬದುಕಿಡೀ ಒಡವೆ ಮಾಡಿಕೊಟ್ಟವರು. ಹಿತ್ತಾಳೆ, ಗಾಜು, ಅಂಟು; ಚಿನ್ನ ಗುಂಜಿಯಷ್ಟೂ ಇಲ್ಲ. ಮಾಡೆಲ್‌ಗಳ ಕೊರಳಲ್ಲಿ ಹೊಳೆದದ್ದು ಇವರ ಕೆಲಸ, ಹೆಸರು ಕಂಪನಿಯದು. ಮಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿದ ಮೇಲೆ ಇಲ್ಲಿಗೆ ಬಂದರು. ಅವರ ಬಗ್ಗೆ ಬೆಂಗಳೂರಿನ ಪತ್ರಿಕೆಯೊಂದಕ್ಕೆ ನಾನು ಬರೆದ ಲೇಖನ ಆ ಸಂಜೆಯೇ ಹೋಗಬೇಕಿತ್ತು.

ಅಲ್ಲಿ ಕೆಲಸಕ್ಕಿರುವ ನನ್ನ ಗೆಳತಿ ಉಡುಪಿಯವಳು, ಅಕ್ಕಸಾಲಿಗರ ಮಗಳು. ಅವಳ ಎದುರಿಗೇ ಅವಳ ಮೇಡಂಗೆ, ಆ ಫ್ರೆಂಚ್ ಮಹಿಳೆಗೆ, ಲೇಖನವನ್ನು ಇಂಗ್ಲಿಷಿನಲ್ಲಿ ಹೇಳಿದೆ. ‘ಅಲಂಕಾರದ ಆಭರಣ’ ಎಂದು ಬರೆದಿದ್ದೆ.

ಮೇಡಂ ತಡೆದರು. “ನಾವು ಸುಳ್ಳು ಒಡವೆ ಅಂತಲೇ ಅನ್ನುವುದು. ನಿಮ್ಮಲ್ಲಿ ಏನನ್ನುತ್ತಾರೆ?”

“ಗಿಲೀಟು,” ಎಂದೆ.

ಗೆಳತಿ ಇಕ್ಕಳ ಕೆಳಗಿಟ್ಟು ಕನ್ನಡಕ್ಕೆ ತಿರುಗಿದಳು. “ಅದು ಮಾತ್ರ ಹಾಕ್ಬೇಡ ಮಾರಾಯ್ತಿ. ಅಪ್ಪ ದಿನಾ ಓದುವ ಪೇಪರ್ ಅದು. ಮಗಳು ಅಮೆರಿಕದಲ್ಲಿ ವಜ್ರ ಕೂರಿಸ್ತಾಳೆ ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳಿ ಆಗಿದೆ.”

“ವಜ್ರ ಅಂದವರು ಯಾರು?”

“ನಾನು ಕಲ್ಲು ಕೂರಿಸ್ತೇನೆ ಅಂದೆ. ಯಾವ ಕಲ್ಲು ಅಂತ ಅವರು ಕೇಳ್ಲಿಲ್ಲ.”

ಮೇಡಂಗೆ ವಿಷಯ ತಿಳಿಸಿದೆ. “ನನ್ನದನ್ನು ಚಿನ್ನ ಅಂದುಕೊಂಡರೆ ನಾನು ಸೋತಂತೆ. ಆ ಪದವಿಲ್ಲದಿದ್ದರೆ ಲೇಖನವೇ ಬೇಡ,” ಎಂದರು.

ಪತ್ರಿಕೆಯ ಡೆಸ್ಕಿನಿಂದ ಮೆಸೇಜು ಬಂತು: ಹೆಡಿಂಗ್ ಎಲ್ಲಿ? ಲೇಖನದಿಂದ ನಿನ್ನ ವಿಷಯ ತೆಗೆದುಹಾಕುತ್ತೇನೆ ಎಂದು ಗೆಳತಿಗೆ ಹೇಳಿದೆ. “ಫೋಟೋದಲ್ಲಿ ಇದ್ದೇನಲ್ಲ,” ಎಂದಳು. ಬಾಗಿಲವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಕೊನೆಗೆ ಅಂಟಿನ ಕೈಯಲ್ಲೇ ಫೋನ್ ಒತ್ತಿ ಸ್ಪೀಕರಿಗೆ ಹಾಕಿದಳು. ಉಡುಪಿಯಲ್ಲಿ ಬೆಳಗಾಗಿತ್ತು. ಮಾತು ಕೊಂಕಣಿಯಲ್ಲಿ, ನನಗೆ ಅಷ್ಟು ಅರ್ಥವಾಗುತ್ತದೆ.

“ಅಪ್ಪಾ, ಅದು ವಜ್ರ ಅಲ್ಲ. ಗಾಜು. ಇಲ್ಲಿ ಎಲ್ಲ ಗಿಲೀಟೇ.”

ಆ ಕಡೆ ಶಟರ್ ಎತ್ತುವ ಸದ್ದು ಕೇಳಿಸಿತು. ಮೇಡಂ ನನ್ನ ಮುಖ ನೋಡಿದರು. ಅವಳು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಪಿಸುಗುಟ್ಟಿದೆ.

“ಹೊಳಪು ಎಷ್ಟು ವರ್ಷ ನಿಲ್ತದೆ?” ಎಂದರು ಅಪ್ಪ.

“ವರ್ಷ ಎಲ್ಲಿಂದ ಅಪ್ಪ. ಒಂದು ಶೋ ಮುಗಿಯುವವರೆಗೆ.”

“ಅಷ್ಟಕ್ಕೆ ಅಲ್ಲಿ ಕೂತಿದ್ದೀಯಾ?”

“ಹೌದು,” ಎಂದಳು ಅವಳು.

“ಪೇಪರಲ್ಲಿ ಯಾವತ್ತು ಬರ್ತದೆ?”

ಗೆಳತಿ ನನ್ನತ್ತ ನೋಡಿದಳು. ಭಾನುವಾರ ಎಂದೆ. ಫೋನ್ ಇಡದೆ, ಹೆಡಿಂಗ್ ಕಳಿಸು ಎಂದು ಕೈಸನ್ನೆ ಮಾಡಿದಳು.