ವಿಶ್ವಾವಸು ಸಂವತ್ಸರದ ಗೋಲು

ನನ್ನ ಜೀವಮಾನದಲ್ಲಿ ನಾನು ಹೊಡೆದಿರುವುದು ಒಂದೇ ಗೋಲು. ಆಗ ನನಗೆ ನಲವತ್ತಾರು ವರ್ಷ. ಬಲಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದೆ, ಕನ್ನಡಕ ಬ್ಯಾಗಿನಲ್ಲಿತ್ತು, ಜಿನುಗು ಮಳೆ ಬೇರೆ. ಚೆಂಡು ಯಾರ ಕಾಲಿನಿಂದಲೋ ತಪ್ಪಿಸಿಕೊಂಡು ನನ್ನ ಕಡೆ ಬಂತು, ನಾನು ಕಾಲು ಬೀಸಿದೆ, ಅದು ಹೋಯಿತು. ಈಗ ನೆನೆಸಿಕೊಂಡರೆ ತುಂಬ ನಿಧಾನವಾಗಿ ಹೋದ ಹಾಗೆ ಕಾಣುತ್ತದೆ, ಯಾವ ಕಡೆ ಹೋಗಲಿ ಎಂದು ಯೋಚಿಸಿಕೊಂಡು ಹೋದ ಹಾಗೆ. ಮೈದಾನದಾಚೆಯ ಗುಡ್ಡಗಳು ಫೆಬ್ರವರಿಯ ಹಸಿರಿನಲ್ಲಿದ್ದವು. ನನ್ನ ಮಗಳು ಮಾತ್ರ ಆ ಗೋಲನ್ನು ನೋಡಲಿಲ್ಲ. ಆ ಶನಿವಾರ ಅವಳು ಅಪ್ಪನ ಜೊತೆ ದೇಶದ ಆ ತುದಿಯಲ್ಲಿರುವ ಒಂದು ಕಾಲೇಜು ನೋಡಲು ಹೋಗಿದ್ದಳು.

ನನಗೆ ಆಟ ಕಲಿಸಿದವಳೇ ಅವಳು. ನಾಲ್ಕು ವರ್ಷದ ಹಿಂದೆ, ಯುಗಾದಿಯ ಮಾರನೆಯ ದಿನ, ಕ್ಯಾಲಿಫೋರ್ನಿಯಾದ ಸನ್ನಿವೇಲಿನ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಪಾರ್ಕಿನಲ್ಲಿ ನಾವು ಏಳೆಂಟು ಹೆಂಗಸರು ಹೋಳಿಗೆ ಕರಗಲಿ ಎಂದು ನಡೆಯುತ್ತಿದ್ದೆವು. ಮಗಳಿಗೆ ಆಗ ಹದಿನಾಲ್ಕು. ಶಾಲೆಯ ತಂಡದಲ್ಲಿ ಆಡುತ್ತಿದ್ದಳು. ಒಬ್ಬಳೇ ಚೆಂಡು ಒದೆಯುತ್ತಿದ್ದವಳು ನಮ್ಮ ಕಡೆಗೊಮ್ಮೆ ತಳ್ಳಿದಳು. ನಾವು ಹಾವು ಕಂಡವರ ಹಾಗೆ ಚೆದುರಿದೆವು. ಅವಳು ನಕ್ಕು ನಕ್ಕು ಹುಲ್ಲಿನ ಮೇಲೆ ಕೂತುಬಿಟ್ಟಳು. ನನಗೆ ಸಿಟ್ಟು ಬಂತು. ಮುಂದಿನ ಶನಿವಾರ ನಾವೆಲ್ಲ ಶೂ ಹಾಕಿಕೊಂಡು ಹೋದೆವು, ಅವಳು ಸೀಟಿ ತಂದಳು. ಅವತ್ತಿನಿಂದ ನಮ್ಮವರಿಗೆಲ್ಲ ಅವಳು ಕೋಚಮ್ಮ. ಕನ್ನಡದಲ್ಲಿ ಬೈದರೆ ನಮಗೆ ಬೇಗ ಅರ್ಥವಾಗುತ್ತದೆ ಎಂದು ಅವಳಿಗೆ ಗೊತ್ತಾಗಲು ಒಂದು ತಿಂಗಳು ಹಿಡಿಯಿತು. ಮಿಕ್ಕಿದ್ದೆಲ್ಲ ಇಂಗ್ಲಿಷೇ.

ನೋಡನೋಡುತ್ತ ಹತ್ತಿರದ ಊರಾದ ಕ್ಯಾಂಪ್‌ಬೆಲ್ಲಿನ ಹೆಂಗಸರೂ ಒಂದು ಟೀಮು ಮಾಡಿಕೊಂಡರು. ನಾನು ಕೆಲಸ ಮಾಡುವ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಕಡೆ, ಲ್ಯಾಬುಗಳ ಚಿಕ್ಕ ವಯಸ್ಸಿನ ಹುಡುಗಿಯರು ಇನ್ನೊಂದು ಮಾಡಿದರು. ಅವರು ಓಡುತ್ತಿದ್ದರೆ ನಾವು ನಿಂತು ನೋಡುತ್ತಿದ್ದೆವು. ಪಂದ್ಯಗಳ ಲೆಕ್ಕ ಬರೆಯುವ ಕೆಲಸ ನನಗೆ ಬಿತ್ತು. ಒಂದು ಉದ್ದದ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ಗುಂಪು ಹುಟ್ಟಿದ್ದೇ ಯುಗಾದಿಗಾದ್ದರಿಂದ ಹೊಸ ಯುಗಾದಿಗೆ ಹೊಸ ಪುಟ, ತಲೆಯ ಮೇಲೆ ಸಂವತ್ಸರದ ಹೆಸರು: ಶುಭಕೃತ್, ಶೋಭಕೃತ್, ಕ್ರೋಧಿ, ವಿಶ್ವಾವಸು. ಮೈಸೂರಿನಲ್ಲಿ ನಮ್ಮ ತಾಯಿ ಹಾಲಿನ ಲೆಕ್ಕವನ್ನೂ ಹೀಗೇ ಬರೆಯುತ್ತಿದ್ದರು.

ಕಳೆದ ವರ್ಷ ಬೇಸಿಗೆಯಲ್ಲಿ ಜಗತ್ತಿನ ದೊಡ್ಡ ದೊಡ್ಡ ಕ್ಲಬ್ಬುಗಳು ಈ ದೇಶಕ್ಕೆ ಬಂದು ಒಂದು ತಿಂಗಳು ಆಡಿದವು. ಮನೆಯಲ್ಲಿ ಟಿವಿ ಆರಿದ್ದೇ ಇಲ್ಲ. ಒಂದು ಮಧ್ಯಾಹ್ನ ಊಟ ಮುಗಿದ ಮೇಲೆ ಕೇಳಿದೆ, ಇಷ್ಟೊಂದು ಕ್ಲಬ್ಬುಗಳಿವೆಯಲ್ಲ ಲೋಕದಲ್ಲಿ, ಇವರಿಗೇ ಕರೆ ಬಂದದ್ದು ಹೇಗೆ ಎಂದು. ಮಗಳು ಚಮಚಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ವಿವರಿಸಿದಳು. ಒಟ್ಟು ಮೂವತ್ತೆರಡು ಜಾಗ. ಯೂರೋಪಿಗೆ ಹನ್ನೆರಡು, ದಕ್ಷಿಣ ಅಮೆರಿಕಕ್ಕೆ ಆರು, ಏಷ್ಯಾ, ಆಫ್ರಿಕಾ, ಉತ್ತರ ಅಮೆರಿಕಕ್ಕೆ ನಾಲ್ಕು ನಾಲ್ಕು, ಸಮುದ್ರದ ನಡುವಿನ ದ್ವೀಪಗಳಿಗೆಲ್ಲ ಸೇರಿ ಒಂದು, ಕರೆದವರ ಮನೆಗೆ ಒಂದು. ನಾಲ್ಕು ವರ್ಷಗಳಲ್ಲಿ ತಮ್ಮ ಖಂಡದ ಕಪ್ಪು ಗೆದ್ದವರು ನೇರವಾಗಿ ಒಳಗೆ. ಜಾಗ ಉಳಿದರೆ, ಆ ನಾಲ್ಕು ವರ್ಷ ಆಡಿ ಕೂಡಿಟ್ಟ ಪಾಯಿಂಟು ನೋಡುತ್ತಾರೆ. ಆದರೆ ಒಂದು ದೇಶದಿಂದ ಎರಡೇ ಕ್ಲಬ್ಬು. ಕಪ್ಪು ಗೆದ್ದವರೇ ಎರಡಕ್ಕಿಂತ ಹೆಚ್ಚಿದ್ದರೆ ಮಾತು ಬೇರೆ.

"ಮೂರನೆಯದು ಎಷ್ಟು ಚೆನ್ನಾಗಿ ಆಡಿದ್ರೂ?" ಎಂದೆ.

"ಎಷ್ಟು ಚೆನ್ನಾಗಿ ಆಡಿದ್ರೂ," ಎಂದು ಅವಳು ಒಂದು ಚಮಚ ಎತ್ತಿ ಪಕ್ಕಕ್ಕಿಟ್ಟಳು.

ಆ ಮಧ್ಯಾಹ್ನವೆಲ್ಲ ನಾನು ಸೋಫಾದ ಮೇಲೆ ಅರೆನಿದ್ದೆಯಲ್ಲಿ ಆ ಚಮಚಗಳನ್ನೇ ಕಂಡೆ. ಎಲ್ಲೋ ಒಂದು ಊರಿನಲ್ಲಿ ಮೂರು ವರ್ಷದ ಹಿಂದೆ ಒಬ್ಬ ಆಟಗಾರ ಹೊಡೆದ ಗೋಲು ಎಲ್ಲೂ ಹೋಗದೆ ಒಂದು ಪಟ್ಟಿಯಲ್ಲಿ ಕಾದು ಕೂತಿರುತ್ತದೆ, ತನ್ನ ಸರದಿ ಬಂದಾಗ ಎದ್ದು ಕ್ಲಬ್ಬನ್ನು ಇನ್ನೊಂದು ಖಂಡಕ್ಕೆ ಕರೆದೊಯ್ಯುತ್ತದೆ. ಹಳೆಯದು ಯಾವುದೂ ವ್ಯರ್ಥವಲ್ಲ ಎನ್ನುವ ಆ ಯೋಚನೆ ನನಗೆ ತುಂಬ ಹಿಡಿಸಿತು.

ನಮ್ಮವರು ಎಂಜಿನಿಯರುಗಳು, ಇಂಥದ್ದನ್ನು ಕೇಳಿ ಸುಮ್ಮನಿರುವ ಜಾತಿಯಲ್ಲ. ಪೋರ್ಟ್‌ಲ್ಯಾಂಡಿನ ಕನ್ನಡ ಹೆಂಗಸರು ಮುಂದಿನ ಬೇಸಿಗೆಗೆ ಒಂದು ಟೂರ್ನಮೆಂಟು ಮಾಡುತ್ತೇವೆ ಎಂದಾಗ ಅದೇ ನಿಯಮಗಳನ್ನು ಎತ್ತಿ ಇಟ್ಟುಕೊಂಡರು. ಕೆನಡಾದಿಂದ ಎರಡು ಟೀಮು ಬರುವುದರಿಂದ ಅದಕ್ಕೆ ಅಂತರರಾಷ್ಟ್ರೀಯ ಎಂಬ ಹೆಸರೂ ಬಂತು. ಒಂದು ಪ್ರದೇಶಕ್ಕೆ ಎರಡೇ ಟೀಮು. ನಮ್ಮ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ, ಮೂರಿದ್ದವು. ಲ್ಯಾಬಿನ ಹುಡುಗಿಯರು ಇಲ್ಲಿನ ಕಪ್ಪು ಗೆದ್ದವರು, ಅವರು ನೇರ ಒಳಗೆ. ಉಳಿದ ಒಂದು ಜಾಗ ನಮಗೋ ಕ್ಯಾಂಪ್‌ಬೆಲ್ಲಿಗೋ ಎಂಬುದು ನಾಲ್ಕು ವರ್ಷದ ಪಾಯಿಂಟಿನ ಮೇಲೆ. ಗೆದ್ದರೆ ಮೂರು, ಸಮವಾದರೆ ಒಂದು. ಲೆಕ್ಕ ಕಳಿಸುವವಳು ನಾನು.

ಯುಗಾದಿ ಕಳೆದ ಮೇಲೆ ನಾಲ್ಕು ಪುಟದ ಮೊತ್ತ ಕೂಡಿ ಕಳಿಸಿದೆ. ಒಂದೇ ಒಂದು ಪಾಯಿಂಟಿನಿಂದ ಸನ್ನಿವೇಲ್ ಮುಂದಿತ್ತು. ಯಾರೂ ತಿರುಗಿ ಕೇಳಲಿಲ್ಲ.

ನನಗೆ ಆದ ಸಂತೋಷವನ್ನು ಮುಚ್ಚಿಡುವುದೇಕೆ. ಮಗಳು ಆ ದೂರದ ಕಾಲೇಜಿಗೇ ಹೋಗುವುದೆಂದು ತೀರ್ಮಾನವಾಗಿತ್ತು. ಅಲ್ಲಿ ಹೊಸಬರಿಗೆ ಜುಲೈಯಲ್ಲಿ ಮೂರು ವಾರದ ಲ್ಯಾಬ್ ತರಗತಿಯೊಂದಿತ್ತು, ಬೇಕಾದವರಿಗೆ. ಅವಳು ಅದಕ್ಕೆ ಬರುವುದಿಲ್ಲ ಎಂದು ಬರೆದಳು. ಜುಲೈ ಕೊನೆಯಲ್ಲಿ ನಾವಿಬ್ಬರೇ ಕಾರಿನಲ್ಲಿ ಪೋರ್ಟ್‌ಲ್ಯಾಂಡಿಗೆ ಹೋಗುವುದು, ದಾರಿಯಲ್ಲಿ ಒಂದು ರಾತ್ರಿ ತಂಗುವುದು, ಅವಳು ಗೆರೆಯಾಚೆ ನಿಂತು ಬೈಯುವುದು, ನಾನು ಆಡುವುದು. ಆಮೇಲೆ ಅವಳು ಹೋಗುವುದು. ಅವಳೆದುರು ನಿಜವಾದ ಒಂದು ಪಂದ್ಯ ಆಡಬೇಕು ಎಂಬುದು ಬಿಟ್ಟರೆ ಆ ಬೇಸಿಗೆಯಿಂದ ನನಗೆ ಬೇರೇನೂ ಬೇಕಿರಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಆಫೀಸಿಗೆ ಹೋಗುವ ಟ್ರೇನಿನಲ್ಲಿ ಕೂತು, ಮಾಡಲು ಬೇರೆ ಕೆಲಸವಿಲ್ಲದೆ, ಆ ನೋಟುಬುಕ್ಕು ತೆರೆದೆ. ನಿಜ ಹೇಳಬೇಕೆಂದರೆ ನನ್ನ ಗೋಲನ್ನು ಇನ್ನೊಮ್ಮೆ ನೋಡಿಕೊಳ್ಳೋಣ ಎಂದು. ವಿಶ್ವಾವಸು ಪುಟದ ಕೊನೆಯ ಸಾಲು. ಕ್ಯಾಂಪ್‌ಬೆಲ್ ವಿರುದ್ಧ, ಒಂದು ಸೊನ್ನೆ. ಪಕ್ಕದಲ್ಲಿ ತಾರೀಖು, ಫೆಬ್ರವರಿ. ಟ್ರೇನು ಒಂದು ಸ್ಟೇಷನ್ನಿನಲ್ಲಿ ನಿಂತು ಮತ್ತೆ ಹೊರಟಿತು. ನಿಯಮದಲ್ಲಿದ್ದದ್ದು ಕಳೆದ ಡಿಸೆಂಬರಿಗೆ ಮುಗಿಯುವ ನಾಲ್ಕು ವರ್ಷ. ನನ್ನ ವರ್ಷ ಡಿಸೆಂಬರಿಗೆ ಮುಗಿಯುವುದಿಲ್ಲ, ಬೇವು ಬೆಲ್ಲಕ್ಕೆ ಮುಗಿಯುತ್ತದೆ. ಜನವರಿಯಿಂದ ಯುಗಾದಿವರೆಗಿನ ಆ ಎರಡೂವರೆ ತಿಂಗಳು ನನ್ನ ಪುಸ್ತಕದಲ್ಲಿತ್ತು, ಅವರ ನಾಲ್ಕು ವರ್ಷದಲ್ಲಿ ಇರಲಿಲ್ಲ. ಆ ಅವಧಿಯಲ್ಲಿ ನಡೆದದ್ದು ಒಂದೇ ಪಂದ್ಯ. ಅದರ ಮೂರು ಪಾಯಿಂಟು ತೆಗೆದರೆ ಕ್ಯಾಂಪ್‌ಬೆಲ್ ಎರಡು ಪಾಯಿಂಟು ಮುಂದೆ.

ಕಿಟಕಿಯಾಚೆ ಗುಡ್ಡದ ಮೇಲಿಂದ ಮಂಜು ಇಳಿಯುತ್ತಿತ್ತು. ನನ್ನ ಸ್ಟೇಷನ್ನು ಬಂದು ಹೋದದ್ದು ನನಗೆ ತಿಳಿಯಲಿಲ್ಲ. ಮುಂದಿನದರಲ್ಲಿ ಇಳಿದು, ವಾಪಸು ಬರುವ ಟ್ರೇನಿಗೆ ಕಾಯುತ್ತ ಬೆಂಚಿನ ಮೇಲೆ ಕೂತಾಗ ಇದೆಲ್ಲ ಬೇರೆ ಯಾರದೋ ತಪ್ಪು ಎನ್ನಿಸಿತು. ಒಂದು ವಾರ ಯಾರಿಗೂ ಹೇಳಲಿಲ್ಲ. ಹೇಳುವುದಿಲ್ಲ ಎಂದೇ ಇದ್ದೆ.

ಆ ಭಾನುವಾರ ಕ್ಯಾಂಪ್‌ಬೆಲ್ಲಿನ ಗೋಲ್‌ಕೀಪರು ನಮ್ಮ ಮನೆಗೆ ಬಂದರು. ಧಾರವಾಡದ ಕಡೆಯವರು, ಅರವತ್ತಕ್ಕೆ ಎರಡು ವರ್ಷ ಕಡಿಮೆ, ನಾವೆಲ್ಲ ಅಕ್ಕ ಎನ್ನುತ್ತೇವೆ. ನನ್ನ ಗೋಲು ಹೋದದ್ದು ಅವರ ಪಕ್ಕದಿಂದಲೇ. ಅವತ್ತು ಮಳೆಯಲ್ಲಿ ಎದ್ದು ಬಂದು "ಛಲೋ ಹೊಡದಿ ನೋಡವಾ" ಎಂದು ನನ್ನ ಬೆನ್ನು ತಟ್ಟಿದ್ದರು. ಈಗ ಕೈಯಲ್ಲಿ ಒಂದು ಡಬ್ಬಿ, ಒಂದು ಚೀಲ. ಡಬ್ಬಿಯಲ್ಲಿ ಶೇಂಗಾ ಹಿಂಡಿ, ನಮ್ಮ ಕಡೆಯ ಕಡಲೆಕಾಯಿ ಚಟ್ನಿಪುಡಿ, ದಾರಿಗೆ. ಚೀಲದಲ್ಲಿ ಹೊಸ ಗ್ಲೌಸು.

"ಪೋರ್ಟ್‌ಲ್ಯಾಂಡಿಗೆ ಅಂತ ತಗೊಂಡಿದ್ದೆ. ನಿಮ್ಮ ಗೋಲ್‌ಕೀಪರಿಗಿ ಕೊಡು," ಎಂದರು. "ನನಗ ಇನ್ನ ಯಾತಕ್ಕ? ಆಗಸ್ಟಿನಾಗ ಮೊಣಕಾಲು ಆಪರೇಷನ್ನು. ಆಮ್ಯಾಗ ಆಟ ಮುಗೀತು ಅಂತ ಡಾಕ್ಟರ್ ಹೇಳ್ಯಾರ."

ಕಾಫಿ ಕುಡಿದು, ಮಗಳ ತಲೆ ಸವರಿ ಹೋದರು. ಗ್ಲೌಸಿನ ಚೀಟಿಯನ್ನೂ ಅವರು ಕಿತ್ತಿರಲಿಲ್ಲ.

ಅಂದು ಸಂಜೆ ಮಗಳ ಮುಂದೆ ನೋಟುಬುಕ್ಕು ಇಟ್ಟು ಎಲ್ಲ ಹೇಳಿದೆ. ನನ್ನ ಮನಸ್ಸಿನಲ್ಲಿ ಇದ್ದದ್ದು, ಅವಳು ಇಲ್ಲಿ ಹುಟ್ಟಿದವಳು, ಸಂವತ್ಸರ ಗಿಂವತ್ಸರ ಅರ್ಥವಾಗದೆ ಹೋಗಲಿ ಬಿಡಮ್ಮ ಎನ್ನುತ್ತಾಳೆ ಎಂದು. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಕನ್ನಡ ಅಂಕಿಗಳನ್ನು ಓದುವುದು ಅವಳಿಗೆ ಕಷ್ಟ, ಆದರೂ ಓದಿದಳು.

"ಅಮ್ಮ, ಯು ಆಲ್ರೆಡಿ ನೋ," ಎಂದಳು. "ನನ್ನನ್ನ ಯಾಕೆ ಕೇಳ್ತಿದೀಯ?"

"ನಿನ್ನನ್ನ ಕೇಳ್ತಿಲ್ಲ, ಹೇಳ್ತಿದೀನಿ," ಎಂದು ರೇಗಿದೆ. ಕೇಳುತ್ತಲೇ ಇದ್ದೆ. ಅವಳ ಮೇಲೆ ಬಂದ ಸಿಟ್ಟು ಎರಡು ದಿನ ಇಳಿಯಲಿಲ್ಲ. ಮೂರನೆಯ ದಿನ ಎಲ್ಲ ಟೀಮುಗಳ ಗುಂಪಿಗೆ ಮೆಸೇಜು ಹಾಕಿದೆ: ಲೆಕ್ಕದಲ್ಲಿ ತಪ್ಪು ನನ್ನದು, ಫೆಬ್ರವರಿಯ ಪಂದ್ಯ ಸೇರುವುದಿಲ್ಲ, ಹೋಗಬೇಕಾದವರು ಕ್ಯಾಂಪ್‌ಬೆಲ್. ನಮ್ಮ ಟೀಮಿನ ಇಬ್ಬರು ಇವತ್ತಿಗೂ ನನ್ನೊಡನೆ ಅಷ್ಟಕ್ಕಷ್ಟೇ. ಗ್ಲೌಸನ್ನು ನಾನೇ ಹೋಗಿ ಕೊಟ್ಟು ಬಂದೆ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಜೂನ್ ಮೊದಲ ವಾರ, ನಾನು ಒಗೆದ ಬಟ್ಟೆ ಮಡಿಸುತ್ತಿದ್ದಾಗ, ಮಗಳು ಬಂದು ಬಾಗಿಲಿಗೆ ಒರಗಿ ನಿಂತಳು. ಆ ಜುಲೈ ತರಗತಿಯಲ್ಲಿ ಇನ್ನೂ ಜಾಗವಿದೆಯಂತೆ, ಈಗ ಟೂರ್ನಮೆಂಟೂ ಇಲ್ಲವಲ್ಲ, ಹೋಗಲಾ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು. ಅವಳ ಮುಖದಲ್ಲಿ ಹೋಗುವ ಆಸೆ ಎಷ್ಟು ಕಾಣುತ್ತಿತ್ತೆಂದರೆ, ಇಷ್ಟು ದಿನ ನನಗಾಗಿ ಅದನ್ನು ಅದುಮಿಟ್ಟುಕೊಂಡಿದ್ದಳು ಎಂದು ಆಗಲೇ ನನಗೆ ಹೊಳೆದದ್ದು. ಹೋಗು ಎಂದೆ. ಟವೆಲ್ಲು ಮಡಿಸುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅತ್ತುಬಿಡುತ್ತಿದ್ದೆ.

ಜುಲೈ ಮೊದಲಲ್ಲೇ ಹೊರಟಳು, ತರಗತಿ ಮುಗಿದ ಮೇಲೆ ಅಲ್ಲೇ ಉಳಿದು ಕಾಲೇಜು ಸೇರುವುದೆಂದು. ಏರ್‌ಪೋರ್ಟಿನಿಂದ ವಾಪಸು ಬರುವಾಗ ಫ್ರೀವೇಯ ಎರಡೂ ಬದಿಯ ಗುಡ್ಡಗಳು ಒಣಗಿ ಗೋಧಿ ಬಣ್ಣಕ್ಕೆ ತಿರುಗಿದ್ದವು. ನನ್ನ ಗಂಡ ಕಾರು ಓಡಿಸುತ್ತಿದ್ದರು, ನಾನು ಎಚ್ಚರವಾಗಿದ್ದೆನೋ ಇಲ್ಲವೋ ಹೇಳಲಾರೆ. ಆ ಮೂರು ವಾರ ನಾನು ಮನೆಯಲ್ಲಿ ಹಾಗೆಯೇ ಓಡಾಡಿದೆ. ಎರಡು ತಟ್ಟೆ ಹಾಕುವ ಕಡೆ ಮೂರು ಹಾಕುತ್ತಿದ್ದೆ.

ಟೂರ್ನಮೆಂಟಿನ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕನ ವಿಡಿಯೋ ಕಾಲು ಬಂತು. ಹಿಂದೆ ದಟ್ಟ ಹಸಿರು ಮರಗಳು, ಯಾರೋ ಮೈಕಿನಲ್ಲಿ ಕನ್ನಡದಲ್ಲಿ ಟೀಮುಗಳ ಹೆಸರು ಕರೆಯುತ್ತಿದ್ದರು. ಅಕ್ಕ ಗ್ಲೌಸಿನ ಎರಡೂ ಕೈ ಎತ್ತಿ ತೋರಿಸಿದರು. ಅವರ ಮುಖ ನೋಡಿ ನನಗೂ ನಗು ಬಂತು, ನಿಜವಾದ ನಗುವೇ.

"ನಮ್ಮ ಕೋಚಮ್ಮ ಎಲ್ಲಿ? ಫೋನು ಆಕಿ ಕೈಯಾಗ ಕೊಡು," ಎಂದರು.

"ಇಲ್ಲ ಅಕ್ಕ. ಕಾಲೇಜಿಗೆ ಹೋದಳು. ಮೂರು ವಾರ ಆಯ್ತು."

ಅಕ್ಕ ಕೈ ಇಳಿಸಿದರು. "ಆಗಸ್ಟಿನಾಗ ಅಂದಿದ್ದಿಯಲ್ಲ. ಈ ಆಟ ನೋಡಿಕೊಂಡು ಹೋಗ್ತಾಳ ಅಂದಿದ್ದಿ." ಮುಖವನ್ನು ಫೋನಿನ ಹತ್ತಿರಕ್ಕೆ ತಂದರು. "ನೀವು ಬರೋದು ತಪ್ಪಿತು ಅಂತ ಆಕಿ ಲಗೂನ ಹೋದಳೇನು? ಖರೇ ಹೇಳು."

ನಾಲ್ಕು ವರ್ಷದ ಲೆಕ್ಕ ತಿದ್ದಲು ಹತ್ತು ದಿನ ಒದ್ದಾಡಿದವಳು ನಾನು. ಇದಕ್ಕೆ ಒಂದು ಕ್ಷಣವೂ ಹಿಡಿಯಲಿಲ್ಲ.

"ಅಯ್ಯೋ, ಹಾಗೇನಿಲ್ಲ ಅಕ್ಕ," ಎಂದೆ. "ಕಾಲೇಜಿನವರೇ ಬೇಗ ಬನ್ನಿ ಅಂದ್ರು. ನೀವು ಹೋಗಿ, ಆಟ ಶುರುವಾಗುತ್ತೆ."