ತವರಿನ ಸೀರೆಯ ಲಂಗ

ನಿನ್ನ ಲಂಗದ ಬಟ್ಟೆ ಮಂಡ್ಯದ ಅಂಗಡಿಯದಲ್ಲ, ಪುಟ್ಟತಾಯಿ. ಅದು ನಿನ್ನವ್ವನ ಹೆಣದ ಮೇಲಿದ್ದ ಸೀರೆ. ನನಗೆ ಗೊತ್ತಿತ್ತು — ಗೊತ್ತಿದ್ದೂ ಅಲ್ಲವೆಂದೆ.

ಯುದ್ಧದ ಕಾಲ. ಬಟ್ಟೆಗೆ ಕಂಟ್ರೋಲು ಬಂದು, ಉಡಲು ಏನೂ ಇಲ್ಲದೆ ಕೊಪ್ಪದ ಮಕ್ಕಳು ಸ್ಕೂಲು ಬಿಡುತ್ತಿದ್ದರು. ಅವರಿಗೆ ಬಟ್ಟೆ ಹೊಲಿಸಿಕೊಡಲೆಂದು ನಾವು ಕೆಲವರು ಸಂಘ ಕಟ್ಟಿದೆವು. ಅಧ್ಯಕ್ಷರ ಕೆಲಸ ಕೆಮ್ಮುವುದು. ಕಾರ್ಯದರ್ಶಿಯಾದ ನನ್ನ ಕೆಲಸ, ಅವರು ಕೆಮ್ಮಿ ಮುಗಿಸಿದ ಮೇಲೆ ಭಾಷಣ ಮಾಡುವುದು. ಸಂಘದಲ್ಲಿ ಎಲ್ಲವೂ ಇತ್ತು — ಬಟ್ಟೆಯೊಂದನ್ನು ಬಿಟ್ಟು.

ನಮ್ಮ ಕಡೆ ಹೆಂಗಸು ಸತ್ತರೆ ತವರಿನವರು ಹೊಸ ಸೀರೆ ತಂದು ಹೊದಿಸಬೇಕು. ಮಣ್ಣು ಮಾಡುವ ಮೊದಲು ಅದನ್ನು ತೆಗೆದಿಡುತ್ತಾರೆ. ಅದು ಗುಳಿ ತೋಡಿದವರ ಪಾಲು. ಅವರಿಗೆ ರಾಗಿ ಕೊಟ್ಟು ಅಂಥ ಸೀರೆಗಳನ್ನು ಗುಟ್ಟಾಗಿ ತಂದೆ. ಕುದಿಸಿದೆ, ನೀಲಿ ಬಣ್ಣದಲ್ಲಿ ಅದ್ದಿದೆ, ಮದ್ದೂರಿನಲ್ಲಿ ಹೊಲಿಸಿದೆ. ಸತ್ತವರಿಂದಲೂ ಚಂದಾ ಎತ್ತಿದ ಕಾರ್ಯದರ್ಶಿ ಮೈಸೂರು ಸೀಮೆಗೆ ನಾನೊಬ್ಬನೇ ಎಂದು ಒಳಗೊಳಗೇ ಬೀಗಿದೆ. ಯಾರ ಸೀರೆ ಯಾರ ಮೈಗೆ ಹೋಗುತ್ತದೆ ಎಂದು ಮಾತ್ರ ಯೋಚಿಸಲಿಲ್ಲ.

ಲಂಗ ಹಂಚಿದ ದಿನವೇ, ತಾಯಿಯಿಲ್ಲದ ನಿನ್ನನ್ನು ಸಾಕುತ್ತಿದ್ದ ಅಜ್ಜಿ, ನಿನ್ನವ್ವನ ತಾಯಿ, ಅದರ ಅಂಚು ಹಿಡಿದು ನಿಂತಳು. ನೀಲಿಯ ಅಡಿಯಲ್ಲಿ ರುದ್ರಾಕ್ಷಿ ಅಂಚು ಅಳಿದಿರಲಿಲ್ಲ.

"ಇದು ನನ್ ಮಗಳಿಗೆ ನಾನೇ ವೊದಿಸಿದ್ ಸೀರೆ ಕಣಪ್ಪ."

ನಿನ್ನವ್ವನ ಗುಳಿ ತೋಡಿದವರಿಂದ ಆ ಅಂಚಿನ ಸೀರೆ ತಂದದ್ದು ನನಗೆ ನೆನಪಾಯಿತು. ಸುತ್ತ ಜನ ಸೇರಿದ್ದರು. ಹೌದೆಂದರೆ ಹೆಣದ ಬಟ್ಟೆಯೆಂದು ಎಲ್ಲರೂ ಬಿಚ್ಚಿ ಎಸೆಯುತ್ತಾರೆ. ಸಂಘಕ್ಕೆ — ಇಲ್ಲ, ಸಂಘಕ್ಕಲ್ಲ, ನನ್ನ ಹೆಸರಿಗೆ ಮಸಿ.

"ಆ ಅಂಚು ಊರಲ್ಲೆಲ್ಲ ಐತೆ ಕಣಜ್ಜಿ. ಇದು ಮಂಡ್ಯದ ಅಂಗಡೀದು" ಎಂದೆ.

"ಕಣ್ಣು ಸರಿಗಿಲ್ಲ, ತಪ್ಪಾಯ್ತು ಬುಡಪ್ಪ" ಎಂದು ಅವಳು ನನಗೇ ಕೈಮುಗಿದಳು. ನೀನು ಮಾತ್ರ ಅಂಚನ್ನು ಮೂಗಿಗೆ ಹಿಡಿದೆ. ಬಣ್ಣದ ನಾತ ಬಿಟ್ಟು ಇನ್ನೇನು ಸಿಕ್ಕೀತು?

"ಅವ್ವಂದಲ್ವಾ?"

"ಅಲ್ಲ."

"ಅವ್ವಂದೇ ಆಗಿದ್ರೆ ಬಿಚ್ತಾನೇ ಇರ್ನಿಲ್ಲ."

ಮೈಲಿಗೆಯೆಂದು ನೀನು ಹೇಸುತ್ತೀಯೆ ಎಂದುಕೊಂಡಿದ್ದೆ. ಆಗಲಾದರೂ ನಿನ್ನ ಕಿವಿಯಲ್ಲಿ ಒಂದು ಮಾತು ಹೇಳಬಹುದಿತ್ತು.

ಮರುವರ್ಷ ನಿಮ್ಮ ಮನೆಗೆ ಬಂದಾಗ ನಿನ್ನಜ್ಜಿ ಒಲೆಯಿಂದ ಮಡಕೆ ಇಳಿಸುತ್ತಿದ್ದಳು. ಕೈಯಲ್ಲಿ ಮಸಿಬಟ್ಟೆ. ನಿನಗೆ ಗಿಡ್ಡವಾದ ಲಂಗವನ್ನು ಹರಿದು ಮಾಡಿದ್ದು — ರುದ್ರಾಕ್ಷಿ ಅಂಚು ಇನ್ನೂ ಕಾಣುತ್ತಿತ್ತು. ಕೊಟ್ಟ ಮಜ್ಜಿಗೆ ಕುಡಿದು ಎದ್ದು ಬಂದೆ.

ಅಜ್ಜಿಯ ಕಣ್ಣು ಸರಿಯಾಗಿಯೇ ಇತ್ತು, ಪುಟ್ಟತಾಯಿ. ಅದು ಅವ್ವನದೇ.